ಕೇಳಿಸುತ್ತಿದ್ದ ಭಾಷೆ

ಮಗಳಿಗೆ ಮೂರು ವರ್ಷ ಎಂಟು ತಿಂಗಳಾಗಿದ್ದಾಗ ನಾವು ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದೆವು. ಯಾರೂ ನಮ್ಮನ್ನು ಹೆದರಿಸಲಿಲ್ಲ, ಗದರಿಸಲಿಲ್ಲ. ಪ್ರೀಸ್ಕೂಲಿನ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದ ನನಗೂ ನನ್ನ ಗಂಡನಿಗೂ ಅಲ್ಲಿನ ಮುಖ್ಯಸ್ಥೆ ತುಂಬ ನಯವಾಗಿ ಒಂದು ಮಾತು ಹೇಳಿದರು, ನಾವು ತಲೆಯಾಡಿಸಿ ಎದ್ದು ಬಂದೆವು. ಹಾಗೆ ತಲೆಯಾಡಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಗಲೂ ಈಗಲೂ ನಮ್ಮ ವಾಸ ಬೆರ್ರಿಯೆಸಾದ ಒಂದು ಅಪಾರ್ಟ್‌ಮೆಂಟಿನಲ್ಲಿ. ಗಂಡ ಹುಬ್ಬಳ್ಳಿಯವರು, ಅವರ ಆಫೀಸು ಹತ್ತಿರದ ನೆವಾರ್ಕಿನಲ್ಲಿ. ನಾನು ಮೈಸೂರಿನವಳು. ವಾರಕ್ಕೆ ಮೂರು ದಿನ ಮೌಂಟನ್ ವ್ಯೂಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ, ಎಲ್ಲಿ ತಪ್ಪಿದೆ ಎಂದು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ತಪ್ಪುಗಳಲ್ಲಿ ನನ್ನದೂ ಒಂದಿದೆ.

ಮಗಳು ಮಾತಾಡಲು ತಡಮಾಡಿದಳು. ಎರಡೂವರೆ ವರ್ಷದವರೆಗೆ ಬಿಡಿ ಬಿಡಿ ಪದಗಳು, ಆಮೇಲೆ ಚಿಕ್ಕ ವಾಕ್ಯಗಳು. ‘ಅಮ್ಮ, ನೀರು ಬೇಕು.’ ‘ಅಪ್ಪ ಎಲ್ಲಿ?’ ‘ನಾನೂ ಬರ್ತೀನಿ.’ ಕನ್ನಡದಲ್ಲಿ ಅವಳ ಮಾತು ನಮಗೆ ಅರ್ಥವಾಗುತ್ತಿತ್ತು. ‘ಸಾಕು’ ಎನ್ನುವುದು ‘ಆಕು’ ಆಗುತ್ತಿತ್ತು, ‘ಸೂರ್ಯ’ ಬರೀ ‘ಊಯ’. ಮುದ್ದಾಗಿದೆ ಎಂದುಕೊಂಡು ನಾವೂ ಅವಳ ಹಾಗೆಯೇ ಹೇಳಿ ನಗುತ್ತಿದ್ದೆವು. ಪ್ರೀಸ್ಕೂಲಿಗೆ ಸೇರಿಸಿದ ಮೇಲೆ ಅಲ್ಲಿಂದ ದೂರುಗಳು ಬರತೊಡಗಿದವು. ಇಂಗ್ಲಿಷಿನಲ್ಲಿ ಅವಳಿಗೆ ಪದಗಳ ತುದಿಯೇ ಇರಲಿಲ್ಲ. ಬಸ್ಸು ‘ಬ’, ಜ್ಯೂಸು ‘ಜೂ’, ಹೌಸು ‘ಹೌ’. ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಕಥೆ ಹೇಳುವಾಗ ಇವಳು ಬೇರೆ ಕಡೆ ನೋಡುತ್ತ ಕೂರುತ್ತಾಳಂತೆ. ಶೂ ಹಾಕಿಕೊಳ್ಳಿ ಎಂದು ಟೀಚರು ಹೇಳಿದರೆ, ಬೇರೆ ಮಕ್ಕಳು ಎದ್ದ ಮೇಲೆ ಇವಳೂ ಏಳುತ್ತಾಳಂತೆ.

ಅದಕ್ಕೇ ನಮ್ಮನ್ನು ಕರೆಸಿದ್ದರು. ಎರಡು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆ, ಈ ವಯಸ್ಸಿನಲ್ಲಿ ಒಂದೇ ಭಾಷೆ ಇದ್ದರೆ ಅವಳಿಗೆ ಸುಲಭ, ಮನೆಯಲ್ಲೂ ಇಂಗ್ಲಿಷನ್ನೇ ಮಾತಾಡಿ, ನಿಮ್ಮ ಭಾಷೆಯನ್ನು ಆಮೇಲೆ ಯಾವಾಗ ಬೇಕಾದರೂ ಕಲಿಸಬಹುದು ಎಂದರು ಮುಖ್ಯಸ್ಥೆ. ಬೇರೇನಾದರೂ ತೊಂದರೆ ಇರಬಹುದೇ ಎಂದು ನಾನು ಕೇಳಿದೆ. ಹುಟ್ಟಿದಾಗ ಕಿವಿಯ ಪರೀಕ್ಷೆ ಆಗಿತ್ತೇ ಎಂದು ಕೇಳಿದರು. ಆಗಿತ್ತು, ಪಾಸಾಗಿದ್ದಳು ಎಂದೆ. ಅವರು ಕೈಯಲ್ಲಿದ್ದ ಹಾಳೆಯ ಮೇಲೆ ಒಂದು ಗುರುತು ಹಾಕಿಕೊಂಡರು. ಕಿವಿಯ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಗಂಡ ಹಿಂದೆ ಮುಂದೆ ನೋಡಿದರು. ನಾವಿಬ್ಬರೇ ಅಡುಗೆಮನೆಯಲ್ಲಿ ಇಂಗ್ಲಿಷು ಮಾತಾಡಿಕೊಂಡರೆ ನಾಟಕ ಆಡಿದ ಹಾಗಿರುತ್ತದೆ ಎಂದರು. ಹಟ ಹಿಡಿದವಳು ನಾನು. ಮಗುವಿನ ಒಳ್ಳೆಯದಕ್ಕೆ ಅಲ್ಲವೇ, ಒಂದೆರಡು ವರ್ಷ ತಾನೇ ಎಂದೆ. ಮೊದಲ ವಾರ ಅವಳು ‘ನೀರು’ ಎಂದು ಕೇಳಿದಾಗಲೆಲ್ಲ ನಾನು ಅರ್ಥವಾಗದವಳ ಹಾಗೆ ನಿಲ್ಲುತ್ತಿದ್ದೆ. ಅವಳು ಮತ್ತೆ ‘ನೀರು, ನೀರು’ ಎನ್ನುತ್ತಿದ್ದಳು. ನಾನು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ‘ವಾಟರ್’ ಎನ್ನುತ್ತಿದ್ದೆ. ಕೊನೆಗೆ ಅವಳು ನನ್ನ ಬಾಯಿಯನ್ನೇ ನೋಡುತ್ತ ‘ವಾಟ’ ಎಂದಾಗ ಲೋಟ ಕೊಡುತ್ತಿದ್ದೆ. ಬಾಯಾರಿ ಬಂದ ಮಗುವಿನ ಎದುರು ನಾನು ಹೀಗೆ ನಿಂತಿದ್ದೆ. ಬೇರೆ ಯಾರೂ ನನ್ನಿಂದ ಇದನ್ನು ಮಾಡಿಸಲಿಲ್ಲ.

ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಕನ್ನಡ ಹೋಯಿತು. ಅದು ಹೋದ ಜಾಗಕ್ಕೆ ಇಂಗ್ಲಿಷು ಬರಲಿಲ್ಲ. ಮಾತೇ ಕಡಿಮೆಯಾಯಿತು. ನಾಚಿಕೆ ಸ್ವಭಾವ ಎಂದು ಬಂದವರಿಗೆಲ್ಲ ನಾವೇ ಹೇಳತೊಡಗಿದೆವು.

ಮರುವರ್ಷ ಮೇ ತಿಂಗಳಲ್ಲಿ ಅತ್ತೆ ಹುಬ್ಬಳ್ಳಿಯಿಂದ ಬಂದರು, ಆರು ತಿಂಗಳಿಗೆಂದು. ಮೊಮ್ಮಗಳನ್ನು ಅವರು ಫೋನಿನಲ್ಲಷ್ಟೇ ನೋಡಿದ್ದರು. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ನಾನು ಅವರಿಗೆ ವಿಷಯ ಹೇಳಿಬಿಟ್ಟೆ, ಮನೆ ಸೇರುವ ಹೊತ್ತಿಗೆ ಮಗುವಿನ ಹತ್ತಿರ ಅವರು ಕನ್ನಡದಲ್ಲಿ ಶುರುಮಾಡಿಬಿಟ್ಟಾರು ಎಂಬ ಆತಂಕ ನನಗೆ. ಅತ್ತೆಗೆ ಬರುತ್ತಿದ್ದ ಇಂಗ್ಲಿಷು ಹತ್ತು ಹನ್ನೆರಡು ಪದ.

‘ಆತ್ಬಿಡವಾ,’ ಎಂದರು. ‘ಕೂಸಿಗೆ ಛಲೋ ಆಗ್ತದ ಅಂದ್ರ ನಾ ಸುಮ್ನ ಕೂಡ್ತೀನಿ.’

ನಿಜವಾಗಿಯೂ ಸುಮ್ಮನೆ ಕೂತರು. ‘ಕಮ್, ಈಟ್.’ ‘ಗುಡ್ ಗರ್ಲ್.’ ‘ನೋ, ನೋ.’ ಮೊಮ್ಮಗಳ ಜೊತೆ ಅವರ ಮಾತು ಇಷ್ಟೇ. ಮಗು ಹತ್ತಿರ ಬಂದರೆ ತಲೆ ಸವರುವುದು, ಬಾಚಣಿಗೆ ತಂದುಕೊಟ್ಟರೆ ಜಡೆ ಹಾಕುವುದು. ಒಮ್ಮೆ ಜಡೆ ಹಾಕುತ್ತ ಏನೋ ಹಾಡು ಗುನುಗಲು ತೊಡಗಿದವರು, ನಾನು ಕೋಣೆಯೊಳಗೆ ಬಂದದ್ದು ಕಂಡು ತಟ್ಟನೆ ನಿಲ್ಲಿಸಿದರು. ನಾನು ಏನೂ ಹೇಳಿರಲಿಲ್ಲ. ಹಾಡಿ ಎಂದೂ ಹೇಳಲಿಲ್ಲ.

ಮಗುವಿನ ಮಾತು ಯಾಕೆ ಹೀಗಾಯಿತು ಎಂಬುದಕ್ಕೆ ಅತ್ತೆಯ ಹತ್ತಿರ ಬಹಳ ಕಾರಣಗಳಿದ್ದವು. ಫ್ರಿಜ್ಜಿನ ತಣ್ಣನೆ ಹಾಲು, ತಲೆಗೆ ಎಣ್ಣೆ ಹಾಕದಿರುವುದು, ಮನೆ ತುಂಬ ಹಾಸಿದ ಕಾರ್ಪೆಟ್ಟಿನ ಧೂಳು, ಪಕ್ಕದ ಮನೆಯವರ ದೃಷ್ಟಿ. ದಿನಕ್ಕೊಂದು ಹೇಳುತ್ತಿದ್ದರು, ನಾನು ‘ಹೂಂ’ ಎನ್ನುತ್ತಿದ್ದೆ. ಒಂದು ದಿನ ಮೆಂತ್ಯದ ಸೊಪ್ಪು ಬಿಡಿಸುತ್ತ, ‘ಅಕಿ ಕಿವಿ ಒಮ್ಮೆ ತೋರಸ್ರಿ. ಹಿಂದಿಂದ ಕರದ್ರ ಓ ಅನ್ನಂಗಿಲ್ಲ,’ ಎಂದರು. ಹುಟ್ಟಿದ ಮರುದಿನವೇ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ್ದಾರೆ, ಪಾಸಾದ ಕಾಗದ ಇದೆ ಅತ್ತೆ ಎಂದೆ. ‘ಅದು ಹುಟ್ಟಿದಾಗಿನ ಮಾತಾತು,’ ಎಂದು ಅವರು ಸೊಪ್ಪಿಗೆ ಮರಳಿದರು. ನಾನು ಅದನ್ನೂ ಕಾರ್ಪೆಟ್ಟಿನ ಪಕ್ಕಕ್ಕೆ ಸೇರಿಸಿ ಮರೆತೆ. ಐದನೆಯ ತಿಂಗಳು ಮುಗಿಯುವಾಗ ಅವರು ಟಿಕೆಟ್ಟು ಬದಲಾಯಿಸು ಎಂದು ಮಗನಿಗೆ ಹೇಳಿ, ಒಂದು ತಿಂಗಳು ಮೊದಲೇ ಹೊರಟುಹೋದರು. ಮಂಡಿನೋವು ಎಂದರು. ನಾವು ನಂಬಿದೆವು, ಅಥವಾ ನಂಬಿದ ಹಾಗೆ ಮಾಡಿದೆವು.

ಕಿಂಡರ್‌ಗಾರ್ಟನ್ ಸೇರಿದ ವರ್ಷ ಶಾಲೆಯಲ್ಲೇ ಕಿವಿ ಕಣ್ಣುಗಳ ತಪಾಸಣೆ ನಡೆಯಿತು. ಪೋಷಕರು ಸಹಾಯಕ್ಕೆ ಬನ್ನಿ ಎಂದಿದ್ದರು, ನಾನೂ ರಜೆ ಹಾಕಿ ಹೋಗಿದ್ದೆ. ಊಟದ ಹಾಲ್‌ನಲ್ಲಿ ಒಂದು ಮೇಜು, ಮೇಜಿನ ಮೇಲೆ ಪುಟ್ಟ ಯಂತ್ರ, ಎದುರು ಒಂದು ಕುರ್ಚಿ. ಮಕ್ಕಳು ಸಾಲಾಗಿ ಬಂದು ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದರು. ಸದ್ದು ಕೇಳಿಸಿದಾಗ ಕೈಯೆತ್ತಬೇಕು. ಆಚೆ ಕಡೆ ಯಾರೋ ಊಟದ ಟೇಬಲ್ಲುಗಳನ್ನು ಮಡಿಸಿ ಎಳೆದಾಡುತ್ತಿದ್ದರು. ನನ್ನ ಮಗಳು ಬೆನ್ನು ನೆಟ್ಟಗೆ ಮಾಡಿ ಕೂತು, ಪರೀಕ್ಷೆ ಮಾಡುತ್ತಿದ್ದ ಹೆಂಗಸನ್ನೇ ನೋಡುತ್ತ, ಪ್ರತಿ ಸಲವೂ ಸರಿಯಾದ ಹೊತ್ತಿಗೆ ಕೈಯೆತ್ತಿದಳು. ಒಮ್ಮೆಯೂ ತಪ್ಪಲಿಲ್ಲ. ದೂರದಲ್ಲಿ ಸಾಲು ನೋಡಿಕೊಳ್ಳುತ್ತಿದ್ದ ನನಗೆ ಹೆಮ್ಮೆಯಾಯಿತು. ಪಾಸಾಗಿದ್ದಾಳೆ ಎಂಬ ಇನ್ನೊಂದು ಕಾಗದ ಮನೆಗೆ ಬಂತು.

ಅದಾಗಿ ಎರಡು ವಾರಕ್ಕೆ ಕ್ಲಾಸಿನ ಟೀಚರು ಕರೆಸಿದರು. ಇವಳಿಗೆ ಗಮನ ನಿಲ್ಲುವುದಿಲ್ಲ, ಹೇಳಿದ್ದನ್ನು ಮಾಡುವುದಿಲ್ಲ, ಡಾಕ್ಟರರಿಗೆ ತೋರಿಸಿ ಎಂದರು. ಡಾಕ್ಟರರು ಒಂದು ಪ್ರಶ್ನೆಗಳ ಪಟ್ಟಿ ಕೊಟ್ಟರು. ಯಾರಾದರೂ ಮಾತಾಡಿಸುವಾಗ ಮಗು ಕೇಳಿಸಿಕೊಳ್ಳದ ಹಾಗೆ ಕಾಣುತ್ತದೆಯೇ ಎಂಬುದು ಅದರಲ್ಲಿ ಒಂದು. ‘ಆಗಾಗ’ ಎಂಬ ಚೌಕಕ್ಕೆ ನಾನೇ ಗುರುತು ಹಾಕಿದೆ. ಪ್ರಶ್ನೆ ಕಣ್ಣೆದುರೇ ಇತ್ತು. ಆದರೂ ಅದು ಕಿವಿಯ ಪ್ರಶ್ನೆ ಎಂದು ನನಗಾಗಲಿ, ಆ ಡಾಕ್ಟರರಿಗಾಗಲಿ ಹೊಳೆಯಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಜೋರು ಗಾಳಿ. ಸಂಜೆ ಐದೂವರೆಗೆ ಕರೆಂಟು ಹೋಯಿತು. ಹೊರಗೆ ಆಗಲೇ ಕತ್ತಲಾಗಿತ್ತು. ಮಗಳು ಊಟದ ಮೇಜಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು, ನಾನು ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಹೆದರಬೇಡ, ಅಲ್ಲೇ ಕೂತಿರು, ಟಾರ್ಚು ತರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

‘ಅಮ್ಮಾ, ಟರ್ನ್ ಆನ್ ದ ಲೈಟ್,’ ಎಂದಳು, ತನ್ನ ತುದಿಯಿಲ್ಲದ ಮಾತಿನಲ್ಲಿ. ‘ಐ ಕಾಂಟ್ ಹಿಯರ್ ಯು.’

ದೀಪ ಹಾಕು, ನೀನು ಹೇಳುವುದು ಕೇಳಿಸುತ್ತಿಲ್ಲ. ನಾನು ಒದ್ದೆ ಕೈಯಲ್ಲೇ ಫೋನಿನ ಬೆಳಕನ್ನು ನನ್ನ ಮುಖದ ಮೇಲೆ ಬಿಟ್ಟುಕೊಂಡು ಅದೇ ಮಾತನ್ನು ಮತ್ತೆ ಹೇಳಿದೆ. ಅವಳು ‘ಓಕೆ’ ಎಂದಳು. ಬೆಳಕು ಆರಿಸಿ, ಚಾಕೊಲೇಟು ಬೇಕಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಬೆಳಕು ಹಾಕಿ, ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ಅದನ್ನೇ ಕೇಳಿದೆ. ಅವಳು ಪೆನ್ಸಿಲು ಹಿಡಿದುಕೊಂಡು, ಬಟ್ಟೆ ಯಾವಾಗ ತೆಗೆಯುತ್ತೇನೋ ಎಂದು ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ಬಟ್ಟೆ ತೆಗೆದು ಕೇಳಿದೆ. ಮುಖ ಅರಳಿತು.

ಮರುದಿನ ಡಾಕ್ಟರರ ಎದುರು ಕೂತು ಇದೆಲ್ಲವನ್ನೂ ಹೇಳಿದೆ. ಅವರು ಮಗಳ ಎದುರು ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ಹೆಸರೇನು, ಯಾವ ಬಣ್ಣ ಇಷ್ಟ ಎಂದು ಕೇಳಿದರು. ಅವಳು ಹೇಳಿದಳು. ನೋಡಿ, ಚೆನ್ನಾಗಿಯೇ ಕೇಳಿಸುತ್ತಿದೆ ಎಂದರು. ಹುಟ್ಟಿದಾಗ ಪಾಸು, ಶಾಲೆಯಲ್ಲಿ ಪಾಸು, ಇದು ಗಮನದ ಸಮಸ್ಯೆಯೇ ಎಂದರು. ನನಗೆ ರೇಗಿತು. ಕಿವಿಯ ಪೂರ್ತಿ ಪರೀಕ್ಷೆಗೆ ಚೀಟಿ ಬರೆದುಕೊಡಿ ಎಂದು ತಾಯಿ ಕೇಳಿದಳು, ಡಾಕ್ಟರರು ಕೊಡಲಿಲ್ಲ ಎಂದು ನಿಮ್ಮ ದಾಖಲೆಯಲ್ಲಿ ಬರೆದುಬಿಡಿ, ನಾನು ಹೋಗುತ್ತೇನೆ ಎಂದೆ. ಅವರು ಕಂಪ್ಯೂಟರಿನ ಕಡೆ ತಿರುಗಿ ಚೀಟಿ ಬರೆದರು. ಕೇಳಿದ ತಕ್ಷಣ ಬರೆದುಕೊಟ್ಟಿದ್ದರೆ ಅವರಿಗೆ ಏನು ಹೋಗುತ್ತಿತ್ತು ಎಂದು ಇಂದಿಗೂ ನನಗೆ ತಿಳಿದಿಲ್ಲ.

ಪರೀಕ್ಷೆಗೆ ಮೂರು ತಿಂಗಳು ಕಾಯಬೇಕು ಎಂದರು ಕಿವಿಯ ಕ್ಲಿನಿಕ್ಕಿನವರು. ಯಾರಾದರೂ ಬಾರದೆ ಹೋದರೆ ಆ ಜಾಗ ಸಿಗಬಹುದು ಎಂದು ಫೋನಿನಲ್ಲಿದ್ದ ಹುಡುಗಿ ಬಾಯಿತಪ್ಪಿ ಹೇಳಿದಳು. ದಿನಾ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕು ತೆರೆಯುತ್ತಿದ್ದಂತೆ ನಾನು ಕರೆ ಮಾಡತೊಡಗಿದೆ. ನನ್ನ ದನಿ ಕೇಳಿದರೆ ಸಾಕು, ಅವಳು ನಿಟ್ಟುಸಿರು ಬಿಡುವ ಹಾಗಾಯಿತು. ಡಿಸೆಂಬರಿನ ಎರಡನೆಯ ವಾರ ಜಾಗ ಸಿಕ್ಕಿತು.

ಪರೀಕ್ಷೆ ಮಾಡಿದ ಶ್ರವಣ ತಜ್ಞೆ ಮೂವತ್ತರ ಆಸುಪಾಸಿನ ಹೆಂಗಸು. ಕೋಲ್ಡ್ ಸ್ಟೋರೇಜಿನ ಬಾಗಿಲಿನಂಥ ದಪ್ಪ ಬಾಗಿಲಿನ ಒಂದು ಪುಟ್ಟ ಕೋಣೆ, ಅದಕ್ಕೆ ಗಾಜಿನ ಕಿಟಕಿ. ಮಗಳನ್ನು ಒಳಗೆ ಕೂರಿಸಿ ಹೆಡ್‌ಫೋನು ಹಾಕಿದರು. ಕೈಗೆ ಬಣ್ಣದ ಗೂಟಗಳನ್ನು ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒಂದೊಂದು ಗೂಟವನ್ನು ಹಲಗೆಯ ತೂತಿಗೆ ಸಿಕ್ಕಿಸಬೇಕು ಎಂದರು. ತಾವು ಹೊರಗೆ ಬಂದು ಯಂತ್ರದ ಮುಂದೆ ಕೂತರು, ಕೈ ಕಾಣದ ಹಾಗೆ. ಮೊದಲ ಕೆಲವು ಗೂಟಗಳು ಬೇಗ ಬೇಗ ಹೋದವು. ಆಮೇಲೆ ಮಗಳು ಗೂಟ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು, ಕಿಟಕಿಯಿಂದ ಇಣುಕತೊಡಗಿದಳು. ಕುರ್ಚಿಯಿಂದ ಅರ್ಧ ಎದ್ದು, ಕತ್ತು ಉದ್ದ ಮಾಡಿ, ಇವರ ಮೇಜಿನ ಅಂಚಿನಾಚೆ ನೋಡಲು ಪ್ರಯತ್ನಿಸಿದಳು.

ನನ್ನ ಕೈ ಹುಡುಕುತ್ತಿದ್ದಾಳೆ, ಜಾಣೆ, ಇದನ್ನು ಎಲ್ಲಿ ಕಲಿತಳು ಎಂದು ಆಕೆ ಕೇಳಿದರು.

ಶಾಲೆಯ ಹಾಲ್‌ ನನ್ನ ಕಣ್ಣ ಮುಂದೆ ಬಂತು. ಆ ಹೆಂಗಸು ಗುಂಡಿ ಒತ್ತಿದಾಗಲೆಲ್ಲ ಭುಜ ಸ್ವಲ್ಪ ಅಲ್ಲಾಡುತ್ತಿತ್ತು. ಮಗಳು ಆ ಭುಜ ನೋಡಿ ಕೈಯೆತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ತಪ್ಪು ಕಾರಣಕ್ಕೆ ಪಾಸಾಗುವ ಪರೀಕ್ಷೆಗಳನ್ನು ಹಿಡಿಯುವುದೇ ನನ್ನ ಕೆಲಸ, ನಾನು ಹತ್ತು ಅಡಿ ದೂರದಲ್ಲಿ ನಿಂತು ಹೆಮ್ಮೆಪಟ್ಟಿದ್ದೆ.

ಪರೀಕ್ಷೆ ಮುಗಿದ ಮೇಲೆ ಆಕೆ ಒಂದು ಹಾಳೆ ತೋರಿಸಿದರು. ಎಡಗಡೆಯಿಂದ ಮಟ್ಟಸವಾಗಿ ಬಂದ ಗೆರೆ ನಡುವೆ ಜಾರಿ, ಬಲಗಡೆ ತೀರ ಕೆಳಕ್ಕೆ ಇಳಿದಿತ್ತು. ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ. ತಗ್ಗಿನ ಶ್ರುತಿಯ ಸದ್ದುಗಳು ಸರಿಯಾಗಿ ಕೇಳಿಸುತ್ತವೆ, ಏರು ಶ್ರುತಿಯವು ಕೇಳಿಸುವುದಿಲ್ಲ, ಸ, ಶ, ಫ, ಟ ಇಂಥ ಸದ್ದುಗಳು ಅವಳಿಗೆ ತಲುಪುತ್ತಿಲ್ಲ ಎಂದು ವಿವರಿಸಿದರು. ಹುಟ್ಟಿದಾಗಿನ ಪರೀಕ್ಷೆಯಲ್ಲಿ ಸಿಗದಷ್ಟು ಸಣ್ಣದಾಗಿ ಇದ್ದು ಆಮೇಲೆ ಹೆಚ್ಚಿರಬಹುದು, ಖಂಡಿತವಾಗಿ ಹೇಳಲಾಗದು. ಆದರೆ ಇದು ನಿನ್ನೆ ಮೊನ್ನೆಯದಲ್ಲ ಎಂದರು. ಎರಡು ಕಿವಿಗೂ ಯಂತ್ರ ಬೇಕು.

ಆಮೇಲೆ ಪೆನ್ನು ಹಿಡಿದು, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು.

‘ಇಂಗ್ಲಿಷ್ ಒಂದೇ,’ ಎಂದೆ. ಒಳ್ಳೆಯ ತಾಯಿಯ ಉತ್ತರ ಎಂಬಂತೆ ಅದು ತಾನಾಗಿ ಬಾಯಿಗೆ ಬಂದಿತ್ತು.

ಅವರು ಪೆನ್ನು ಕೆಳಗಿಟ್ಟರು. ‘ಯಾಕೆ?’

ಪ್ರೀಸ್ಕೂಲಿನಲ್ಲಿ ಹೇಳಿದ್ದನ್ನು ಹೇಳಿದೆ. ಅದಕ್ಕೆ ಮುಂಚೆ ಏನು ಮಾತಾಡುತ್ತಿದ್ದಳು ಎಂದರು. ಕನ್ನಡ ಎಂದೆ. ಅದರಲ್ಲಿ ಹೇಗಿದ್ದಳು? ಚೆನ್ನಾಗಿದ್ದಳು, ವಾಕ್ಯಗಳಲ್ಲಿ ಮಾತಾಡುತ್ತಿದ್ದಳು ಎಂದೆ. ಅವಳು ಹೇಳುತ್ತಿದ್ದಂಥ ವಾಕ್ಯ ಒಂದೆರಡು ಹೇಳಿ ಎಂದರು. ನಾನು ಹೇಳಿದೆ. ಅಮ್ಮ, ನೀರು ಬೇಕು. ಅಪ್ಪ ಎಲ್ಲಿ. ನಾನೂ ಬರ್ತೀನಿ. ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ಕಣ್ಣು ಮುಚ್ಚಿ ಕೇಳಿದರು.

‘ಪ್ರತಿ ಪದವೂ ಸ್ವರದಲ್ಲಿ ಮುಗಿಯುತ್ತಿದೆ,’ ಎಂದರು. ‘ನನಗೆ ನಿಮ್ಮ ಭಾಷೆ ಗೊತ್ತಿಲ್ಲ, ಇದನ್ನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ, ಊ, ಮ, ನ, ಲ, ರ, ಇವೆಲ್ಲ ಅವಳಿಗೆ ಚೆನ್ನಾಗಿ ಕೇಳಿಸುವ ಸದ್ದುಗಳು. ಇಂಗ್ಲಿಷಿನಲ್ಲಿ ಎಷ್ಟೋ ಸಲ ಪದದ ಅರ್ಥ ತುದಿಯ ಸದ್ದಿನಲ್ಲಿರುತ್ತದೆ. ಅವಳಿಗೆ ಸಿಗದಿರುವುದು ಅದೇ. ನೀವು ಬಿಟ್ಟಿರಲ್ಲ, ಅವಳಿಗೆ ಹೆಚ್ಚು ಕೇಳಿಸುತ್ತಿದ್ದ ಭಾಷೆ ಬಹುಶಃ ಅದು.’

ಮಗಳು ನೆಲದ ಮೇಲೆ ಕೂತು ಗೂಟಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ನಾನು ಅಳಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು. ಅಂಗಾಲಿನಿಂದ ಸಿಟ್ಟು ಏರಿ ಕುತ್ತಿಗೆಯವರೆಗೂ ಬಂದು ನಿಂತಿತು. ಕನ್ನಡ ನಿಲ್ಲಿಸಿ ಎರಡು ವರ್ಷ ಎರಡು ತಿಂಗಳು. ಆ ಮಗುವಿಗೆ ಇದ್ದದ್ದು ಒಂದೇ ಬಾಗಿಲು, ಅದನ್ನು ಹುಡುಕಿ ಮುಚ್ಚಿದ್ದೆವು. ತಜ್ಞೆ ನನ್ನತ್ತ ಟಿಶ್ಯೂ ಡಬ್ಬಿ ತಳ್ಳಿದರು, ನಾನು ತೆಗೆದುಕೊಳ್ಳಲಿಲ್ಲ. ತನ್ನ ಅಪ್ಪ ಅಮ್ಮನೂ ವಿಯೆಟ್ನಾಮಿನಿಂದ ಬಂದವರು, ಅವರಿಗೂ ಶಾಲೆಯವರು ಇದನ್ನೇ ಹೇಳಿದ್ದರು ಎಂದರು. ಅವರೇನು ಮಾಡಿದರು ಎಂದು ಕೇಳಿದೆ. ‘ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಹಾಗಾಗಿ ಮಾತು ಕೇಳಲಾಗಲಿಲ್ಲ,’ ಎಂದು ಸಣ್ಣಗೆ ನಕ್ಕರು.

ಯಂತ್ರಕ್ಕೆ ಮೊದಲು ವಿಮೆಯವರ ಜೊತೆ ಜಗಳವಾಯಿತು. ಮಗಳಿಗೆ ಕನ್ನಡಕ ಬೇಕಿದ್ದರೆ ಕೊಡುತ್ತಿದ್ದರಂತೆ. ಕಿವಿಯ ಯಂತ್ರ ಮಾತ್ರ ನಮ್ಮ ಪಾಲಿಸಿಯಲ್ಲಿ ಇಲ್ಲವಂತೆ. ಕಿವಿಯೇನು ಒಡವೆಯೇ ಎಂದು ನಾನು ಫೋನಿನಲ್ಲಿ ಕೇಳಿದ್ದಕ್ಕೆ, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಎಂದು ಒಬ್ಬ ಓದಿ ಹೇಳಿದ. ಗಂಡ ನನ್ನ ಕೈಯಿಂದ ಫೋನು ತೆಗೆದುಕೊಂಡು ಇಟ್ಟರು. ನಮ್ಮ ಕೈಯಿಂದಲೇ ಕೊಂಡೆವು. ನಮಗೆ ಸಾಧ್ಯವಿತ್ತು. ಸಾಧ್ಯವಿಲ್ಲದವರು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕಿವಿಯ ಅಚ್ಚು ತೆಗೆಯುವ ದಿನ ತಜ್ಞೆ ತಣ್ಣನೆಯ, ಮೆತ್ತಗಿನ ಹಿಟ್ಟಿನಂಥದ್ದನ್ನು ಅವಳ ಕಿವಿಯೊಳಗೆ ತುಂಬಿದರು. ಮಗಳು ಕಚಗುಳಿಗೆ ನಕ್ಕಳು. ಯಂತ್ರಕ್ಕೆ ನೇರಳೆ ಬಣ್ಣ ಆರಿಸಿಕೊಂಡಳು. ಮೂರು ವಾರದ ನಂತರ ಅವು ಬಂದವು. ಹಾಕಿದ ತಕ್ಷಣ ಮಗು ಕಣ್ಣರಳಿಸಿ ನಗುವ ವಿಡಿಯೋಗಳನ್ನು ಎಲ್ಲರೂ ನನಗೆ ಕಳಿಸಿದ್ದರು. ನಮ್ಮವಳು ಮುಖ ಸಿಂಡರಿಸಿ, ತೆಗೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಕೋಣೆಯ ಕಾಗದದ ಸದ್ದು, ತನ್ನ ಶೂ ನೆಲಕ್ಕೆ ಉಜ್ಜುವ ಸದ್ದು, ನಲ್ಲಿಯ ಸದ್ದು ಎಲ್ಲವೂ ಅವಳಿಗೆ ಪೀಡೆಯಾಯಿತು. ಯಂತ್ರಕ್ಕೆ ಕಿವಿ ಹೊಂದಲು ತಿಂಗಳುಗಳೇ ಬೇಕು, ಮೊದಲು ದಿನಕ್ಕೆ ಕೆಲವು ಗಂಟೆ ಸಾಕು, ಮತ್ತೆ ಮತ್ತೆ ಬಂದು ಸರಿಮಾಡಿಸಿಕೊಳ್ಳಬೇಕು ಎಂದು ತಜ್ಞೆ ಹೇಳಿ ಕಳಿಸಿದರು. ಮನೆಗೆ ಬರುವಾಗ ಫ್ರೀವೇಯಿಂದ ಇಳಿಯಲು ನಾನು ಇಂಡಿಕೇಟರು ಹಾಕಿದೆ. ಟಿಕ್ ಟಿಕ್ ಎನ್ನುವುದು ಏನು ಎಂದು ಹಿಂದಿನ ಸೀಟಿನಿಂದ ಕೇಳಿದಳು. ನನ್ನ ಬೆನ್ನಿಗೆ ಕೇಳಿದಳು, ನನ್ನ ಮುಖ ನೋಡದೆ. ಇದು ಎಷ್ಟು ದಿನದಿಂದ ಇದೆ ಎಂದೂ ಕೇಳಿದಳು. ಕಾರು ಕೊಂಡಾಗಿನಿಂದ ಎಂದೆ.

ಜನವರಿಯಲ್ಲಿ ಗೆರೆಯ ಹಾಳೆ ಹಿಡಿದುಕೊಂಡು ನಾನು ಆ ಪ್ರೀಸ್ಕೂಲಿಗೆ ಹೋದೆ. ಗಂಡ ಬೇಡವೆಂದರು, ಈಗ ಹೋಗಿ ಏನು ಪ್ರಯೋಜನ ಎಂದರು. ಮುಖ್ಯಸ್ಥೆ ನನ್ನನ್ನು ಗುರುತು ಹಿಡಿದು ಅಪ್ಪಿಕೊಂಡರು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಕೊನೆಗೆ, ಅವಳಿಗೆ ಈಗ ಬೇಕಾದ ಸಹಾಯ ಸಿಗುತ್ತಿದೆಯಲ್ಲ, ನನಗೆ ಎಷ್ಟು ಸಂತೋಷವಾಗಿದೆ ಗೊತ್ತೇ ಎಂದರು.

‘ನಿಮಗೆ ಸಂತೋಷವಾಗಲಿ ಎಂದು ನಾನು ಬಂದಿಲ್ಲ,’ ಎಂದೆ. ‘ನೀವು ಕಿವಿಯ ತಜ್ಞರಲ್ಲ, ಮಾತಿನ ತಜ್ಞರೂ ಅಲ್ಲ. ಕನ್ನಡ ಎಂಬ ಭಾಷೆಯ ಒಂದು ಪದ ನಿಮಗೆ ಗೊತ್ತಿಲ್ಲ. ಆದರೂ ಅದನ್ನು ನಮ್ಮ ಮನೆಯಿಂದ ತೆಗೆಯಲು ಹೇಳಿದಿರಿ. ಯಾವ ಆಧಾರದ ಮೇಲೆ ಹೇಳಿದಿರಿ, ಅಷ್ಟು ಹೇಳಿ.’

ಆಗ ನಮಗೆ ಗೊತ್ತಿದ್ದದ್ದರ ಮೇಲೆ ಎಂದರು. ಎಲ್ಲ ಕುಟುಂಬಗಳಿಗೂ ಹಾಗೇ ಹೇಳುತ್ತಿದ್ದೆವು ಎಂದೂ ಸೇರಿಸಿದರು, ಅದರಿಂದ ನನಗೆ ಸಮಾಧಾನವಾಗಬಹುದು ಎಂಬಂತೆ. ಎಲ್ಲ ಕುಟುಂಬಗಳಿಗೂ. ಆ ಗೋಡೆಯ ಮೇಲೆ ಹತ್ತಾರು ಭಾಷೆಗಳಲ್ಲಿ ‘ಸ್ವಾಗತ’ ಎಂದು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದರು. ಇನ್ನು ಮುಂದೆ ಮಾತು ತಡವಾದ ಮಗುವನ್ನು ಮೊದಲು ಆ ದಪ್ಪ ಬಾಗಿಲಿನ ಕೋಣೆಗೆ ಕಳಿಸುತ್ತೇವೆ ಎಂದು ಬರೆದುಕೊಡಿ ಎಂದೆ. ಯೋಚಿಸುತ್ತೇವೆ ಎಂದರು. ಆಮೇಲೆ ನಾನು ಮೂರು ಇಮೇಲು ಬರೆದೆ. ಒಂದಕ್ಕೆ ಉತ್ತರ ಬಂತು. ಸೇರ್ಪಡೆಯ ಫಾರಮ್ಮಿನಲ್ಲಿ ಹೊಸ ಪ್ರಶ್ನೆ ಸೇರಿಸಿದ್ದಾರಂತೆ, ನಿಮ್ಮ ಮಗುವಿನ ಕಿವಿಯ ಪರೀಕ್ಷೆ ಆಗಿದೆಯೇ ಎಂದು. ಎಲ್ಲ ತಾಯಂದಿರೂ ಹೌದು ಎಂದೇ ಬರೆಯುತ್ತಾರೆ. ಹುಟ್ಟಿದ ಮರುದಿನದ ಕಾಗದ ಎಲ್ಲರ ಹತ್ತಿರವೂ ಇರುತ್ತದೆ.

ಅತ್ತೆಗೆ ಹೇಳುವುದನ್ನು ನಾನು ಗಂಡನಿಗೆ ಬಿಡಲಿಲ್ಲ. ಭಾನುವಾರ ನಾನೇ ವಿಡಿಯೋ ಕರೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಹೇಳಿ, ನೀವು ಹೇಳಿದ್ದನ್ನು ಕೇಳಬೇಕಿತ್ತು, ತಪ್ಪಾಯಿತು ಎಂದೆ. ಹೋಗಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ.

‘ಐದು ತಿಂಗಳು ಮೂಕಿ ಹಂಗ ಕುಂತೆ ನಿಮ್ಮ ಮನ್ಯಾಗ,’ ಎಂದರು. ‘ಮೊಮ್ಮಗಳಿಗೆ ಒಂದ್ ಕಥಿ ಹೇಳಲಿಲ್ಲ, ಒಂದ್ ಹಾಡು ಹೇಳಲಿಲ್ಲ. ಅದನ್ನ ಯಾರು ತಿರುಗಿ ಕೊಡ್ತಾರವಾ? ನೀವು ಕಲ್ತವ್ರು. ಯಾರೋ ಹೇಳಿದ್ರಂತ ಮನಿ ಮಾತು ಬಿಡ್ತಾರೇನು?’

ಸುಮಾರು ಒಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ, ಮಗನ ಜೊತೆ ಮಾತ್ರ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಾನು ಪ್ರೀಸ್ಕೂಲಿನಲ್ಲಿ ಯಾವ ಸಿಟ್ಟಿನಿಂದ ಮೇಜಿನ ಮುಂದೆ ಕೂತಿದ್ದೆನೋ, ಅದೇ ಸಿಟ್ಟು ಅವರಿಗೆ ನನ್ನ ಮೇಲಿತ್ತು.

ಮಗಳಿಗೆ ಈಗ ಎಂಟು. ಓದಿನಲ್ಲಿ ಕ್ಲಾಸಿನ ಉಳಿದವರ ಜೊತೆಗಿದ್ದಾಳೆ. ಗಮನದ ಮಾತನ್ನು ಯಾರೂ ಎತ್ತುವುದಿಲ್ಲ. ‘ಸಾಕು’ ಎನ್ನುವುದನ್ನು ಪೂರ್ತಿ ಹೇಳುತ್ತಾಳೆ. ಮನೆಯಲ್ಲಿ ನಾವು ಕನ್ನಡಕ್ಕೆ ಮರಳಿದ್ದೇವೆ. ಅವಳಿಗೆ ಬಹಳಷ್ಟು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೇ ತಾನೇ ಎಂದು ಗೆಳತಿಯರು ಸಮಾಧಾನ ಹೇಳುತ್ತಾರೆ. ನಿಜ ಇರಬಹುದು. ಆದರೆ ಅವರ ಮಕ್ಕಳು ತಾವಾಗಿ ಬಿಟ್ಟದ್ದು, ನನ್ನವಳಿಂದ ನಾನು ಬಿಡಿಸಿದ್ದು.

ಈ ಬೇಸಿಗೆಗೆ ಅತ್ತೆ ಮತ್ತೆ ಬಂದರು. ಮೊದಲ ದಿನ ಮೊಮ್ಮಗಳು ಅಡುಗೆಮನೆಗೆ ಹೋದಾಗ, ‘ಕಮ್, ಈಟ್ ರೊಟ್ಟಿ,’ ಎಂದರು. ಕನ್ನಡದಲ್ಲೇ ಮಾತಾಡು ಅವ್ವಾ ಎಂದು ಗಂಡ ಹೇಳಿದರು.

‘ರೂಢಿ ಆಗೇತಿ,’ ಎಂದರು ಅತ್ತೆ. ‘ಮತ್ತ, ಅಕಿಗೆ ತಿಳೀಲಿಲ್ಲ ಅಂದ್ರ?’

ಆ ಹೆದರಿಕೆ ಹೋಗಲು ಎರಡು ವಾರ ಹಿಡಿಯಿತು. ಆಮೇಲೆ ಇಬ್ಬರೂ ಜಗಳವಾಡತೊಡಗಿದರು. ರೊಟ್ಟಿ ಬೇಡ, ಬ್ರೆಡ್ಡು ಬೇಕು ಎಂದು ಇವಳು, ಬ್ರೆಡ್ಡು ಜ್ವರ ಬಂದವರ ಊಟ ಎಂದು ಅವರು. ಮೊನ್ನೆ ಮಧ್ಯಾಹ್ನ ನಾನು ಕೋಣೆಯಲ್ಲಿ ಮೀಟಿಂಗಿನಲ್ಲಿದ್ದೆ. ಹೊರಗೆ ಸೋಫಾದಲ್ಲಿ ಅತ್ತೆ ಕಥೆ ಹೇಳುತ್ತಿದ್ದರು, ಒಬ್ಬ ಮುದುಕಿಯದ್ದು, ಅವಳ ಕುಂಬಳಕಾಯಿಯದ್ದು. ಮಗಳು ಎರಡು ಮಾತಿಗೊಮ್ಮೆ ತಡೆಯುತ್ತಿದ್ದಳು. ಹಾಗಂದರೆ ಏನು ಎಂದು ಇಂಗ್ಲಿಷಿನಲ್ಲಿ ಕೇಳುವುದು, ಅತ್ತೆಗೆ ಆ ಇಂಗ್ಲಿಷು ತಿಳಿಯದೆ ‘ಏನಂತಿ?’ ಎನ್ನುವುದು, ಇಬ್ಬರೂ ಕೈಸನ್ನೆಗೆ ಇಳಿಯುವುದು. ಮೂರು ವರ್ಷದ ಮಗುವಿಗೆ ಹೇಳುವ ಕಥೆ ಅದು. ಆ ವಯಸ್ಸಿನಲ್ಲಿ ಕೇಳಿದ್ದರೆ ಒಂದು ಪದಕ್ಕೂ ಅರ್ಥ ಕೇಳದೆ, ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮೈಕು ಆರಿಸಿ ಕೂತಿದ್ದ ನನಗೆ ಮತ್ತೆ ಅದೇ ಸಿಟ್ಟು ಕುತ್ತಿಗೆಗೆ ಬಂತು.

ಹೊರಗೆ ಮಗಳು ಏನೋ ಕೇಳಿದಳು. ಅತ್ತೆ ಬೇಸರದಿಂದ ಉಸಿರು ಬಿಟ್ಟರು. ಆಮೇಲೆ ಕಥೆಯನ್ನು ಮೊದಲಿನಿಂದ, ಇನ್ನಷ್ಟು ನಿಧಾನವಾಗಿ ಹೇಳತೊಡಗಿದರು.